ಇಪ್ಪತ್ತೆಂಟು ದಿನದ ಅತಿಥಿ

೧೭ ನವೆಂಬರ್, ಭಾನುವಾರ
ಮಧ್ಯಾಹ್ನದ ಊಟ ಮುಗಿಸಿ

ನನ್ನ ಮುದ್ದಿನ ತರಲೆ ಮಗಳೇ,

ಬೇಕರಿಯ ಒಲೆಯ ಮುಂದೆ ನಿಂತು ನಿಂತು ಕಾಲು ಊದಿಕೊಳ್ಳುತ್ತದೆ ಎಂದಿದ್ದೆಯಲ್ಲ, ಈಗ ಹೇಗಿದೆ? ಮಲಗುವ ಮುಂಚೆ ಉಗುರುಬೆಚ್ಚನೆಯ ನೀರಿನಲ್ಲಿ ಕಾಲಿಟ್ಟುಕೊಂಡು ಕೂರು. ನಾನು ಚೆನ್ನಾಗಿದ್ದೇನೆ. ಪತ್ರದ ಮೊದಲ ಸಾಲಿಗೆಂದು ಬರೆಯುವ ಚೆನ್ನಾಗಿದ್ದೇನೆ ಅಲ್ಲ ಇದು, ನಿಜವಾಗಿಯೂ ಚೆನ್ನಾಗಿದ್ದೇನೆ. ಏಕೆ ಎನ್ನುವುದನ್ನು ಹೇಳಲೆಂದೇ ಪೆನ್ನು ಹಿಡಿದಿದ್ದೇನೆ.

ಕಳೆದ ಭಾನುವಾರ ನೀನು ಫೋನು ಮಾಡಿದಾಗ ನನ್ನ ಹಿಂದೆ ಯಾರೋ ಕೆಮ್ಮಿದ್ದು ನಿನಗೆ ಕೇಳಿಸಿತು. ಯಾರಮ್ಮ ಅದು ಎಂದು ಕೇಳಿದೆ. ಅತಿಥಿ ಕಣೇ ಎಂದೆ. ಸುಳ್ಳು ಹೇಳಲಿಲ್ಲ, ಪುರಸಭೆಯ ರಿಜಿಸ್ಟರಿನಲ್ಲಿ ನನ್ನ ಕೈಯಾರೆ ಹಾಗೆಂದೇ ಬರೆದಿದ್ದೆ. ಆದರೆ ಪೂರ್ತಿ ನಿಜವನ್ನೂ ಹೇಳಲಿಲ್ಲ. ಕೆಮ್ಮಿದವರು ನಿನ್ನ ಅಪ್ಪ.

ನೀನೀಗ ಕುರ್ಚಿಯಿಂದ ಎದ್ದು ನಿಂತಿರುತ್ತೀಯ. ಕೂತುಕೋ. ಇದಕ್ಕೇ ಫೋನು ಬೇಡವೆಂದು ಪತ್ರ ಬರೆಯುತ್ತಿರುವುದು. ಫೋನಿನಲ್ಲಾದರೆ ನೀನು ಮಾತು ಮಾತಿಗೂ ಏನು, ಯಾವಾಗ, ಏಕೆ ಎಂದು ಅಡ್ಡ ಬಾಯಿ ಹಾಕುತ್ತೀಯ. ನನಗೆ ಹೇಳಬೇಕಾದದ್ದು ಗಂಟಲಲ್ಲೇ ಉಳಿದುಹೋಗುತ್ತದೆ.

ಮೊದಲು ನಿಯಮಗಳ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ತಲೆಬುಡ ಇರುವುದಿಲ್ಲ. ನೀನು ಹೋದ ವರ್ಷ ಬಂದುಹೋದ ಮೇಲೆ ಪುರಸಭೆಯವರು ದಿನದ ಲೆಕ್ಕದಲ್ಲಿ ಕೊಠಡಿ ಕೊಡುವ ಮನೆಗಳಿಗೆಲ್ಲ ಹೊಸ ನಿಯಮ ತಂದರು. ತರಲೇಬೇಕಾಗಿತ್ತು ಬಿಡು. ಕೆರೆ ನೋಡಲು ಬರುವವರು, ಕಣ್ಣಾಸ್ಪತ್ರೆಗೆ ಬರುವವರು ಎಂದು ನಮ್ಮ ಬೀದಿಯೊಂದರಲ್ಲೇ ಏಳು ಮನೆಗಳು ಬೋರ್ಡು ಹಾಕಿದ್ದವು. ಮೂಲೆಮನೆಗೆ ಬಂದವರು ಇಬ್ಬರಿಗೆಂದು ಹೇಳಿ ಹನ್ನೊಂದು ಜನ ಇಳಿದು, ಬೆಳಕು ಹರಿಯುವ ತನಕ ಹಾಡು ಹಾಕಿದ್ದರು. ಕಾರುಗಳು ಅಡ್ಡಾದಿಡ್ಡಿ ನಿಂತು ಹಾಲಿನ ಗಾಡಿ ತಿರುಗಲು ಜಾಗವಿರಲಿಲ್ಲ. ಅತಿಥಿಗಳು ಹೊರಡುವ ಗಡಿಬಿಡಿಯಲ್ಲಿ ಗೇಟಿನ ಹೊರಗೆ ಇಟ್ಟುಹೋದ ಕಸದ ಚೀಲಗಳನ್ನು ನಾಯಿಗಳು ಎಳೆದಾಡಿ ಬೀದಿಯೆಲ್ಲ ರಾಡಿ.

ಹದಿಮೂರು ನಿಯಮಗಳು ಬಂದವು. ಎರಡು ಕೊಠಡಿಯ ಮನೆಗೆ ನಾಲ್ಕೇ ಅತಿಥಿಗಳು. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಸದ್ದುಗದ್ದಲವಿಲ್ಲ. ಒಂದೇ ವಾಹನ, ಅದೂ ಗೇಟಿನ ಒಳಗೆ. ಕಸ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಮಾತ್ರ ಹೊರಗೆ. ಬಂದ ದಿನವೇ ಗುರುತಿನ ಚೀಟಿ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಮನೆಯೊಡತಿ ಸಿಗದಿದ್ದರೆ ಓಗೊಡಲು ನೆರೆಯವರೊಬ್ಬರು ಹೊಣೆ ಹೊತ್ತು ಸಹಿ ಹಾಕಿರಬೇಕು. ಕಡೆಯದು, ಯಾವ ಅತಿಥಿಯೂ ಇಪ್ಪತ್ತೆಂಟು ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಇಪ್ಪತ್ತೊಂಬತ್ತನೆಯ ದಿನವೂ ಇದ್ದರೆ ಕರಾರು ಬರೆದುಕೊಟ್ಟ ಬಾಡಿಗೆದಾರನಾಗಿರಬೇಕು, ಇಲ್ಲವೇ ಮನೆಯವರಲ್ಲಿ ಒಬ್ಬರಾಗಿರಬೇಕು. ಇದರಲ್ಲಿ ಯಾವುದು ತಪ್ಪಿದರೂ ಪರವಾನಗಿ ರದ್ದು.

ಉಳಿದ ಮನೆಯವರು ಗೊಣಗಿದರು. ನನಗೆ ಮಾತ್ರ ಹಾಲು ಕುಡಿದಷ್ಟು ಸಂತೋಷವಾಯಿತು. ಮೂವತ್ತೊಂದು ವರ್ಷ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತದ ಸೀಸೆಗಳಿಗೆ ಚೀಟಿ ಅಂಟಿಸಿದ ಕೈ ಇದು. ಯಾವುದು ಯಾರದ್ದು, ಎಂದು ಬಂತು, ಎಂದು ಹೋಗಬೇಕು ಎಂದು ಬರೆದಿಟ್ಟರೆ ನನಗೆ ನೆಮ್ಮದಿ. ಹದಿಮೂರನ್ನೂ ದಪ್ಪಕ್ಷರದಲ್ಲಿ ಬರೆದು ಎರಡೂ ಕೊಠಡಿಗಳ ಬಾಗಿಲ ಒಳಮೈಗೆ ಅಂಟಿಸಿದೆ. ಹೊಣೆಯ ಸಹಿ ಹಾಕಿದವರು ಎದುರುಮನೆಯ ಸೀಟಿ ಮೇಷ್ಟ್ರು. ನಿನಗೆ ನೆನಪಿರಬೇಕು, ಶಾಲೆಯಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದರು. ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ಸೀಟಿ ಕೊರಳಿನಿಂದ ಇಳಿದಿಲ್ಲ. ಕಾರು ಅಡ್ಡ ನಿಂತರೆ ಕಿಟಕಿಯಿಂದಲೇ ಊದುತ್ತಾರೆ.

ಇನ್ನು ನಿನ್ನ ಅಪ್ಪನ ವಿಷಯ.

ಅಕ್ಟೋಬರ್ ಇಪ್ಪತ್ತರಂದು ಲಿಫ್ಟ್ ಕಂಪನಿಯ ಮೆಕ್ಯಾನಿಕ್ ಒಬ್ಬರು ಚಿಕ್ಕ ಕೊಠಡಿಗೆ ಬರುವವರಿದ್ದರು. ಕಣ್ಣಾಸ್ಪತ್ರೆಯ ಹೊಸ ಕಟ್ಟಡಕ್ಕೆ ಲಿಫ್ಟ್ ಕೂಡಿಸಲು ಇಪ್ಪತ್ತೆಂಟು ದಿನಕ್ಕೆ ಕಂಪನಿಯವರೇ ಗೊತ್ತುಮಾಡಿದ್ದರು, ಹೆಸರು ಕಳಿಸಿರಲಿಲ್ಲ. ಗಂಟೆ ಬಾರಿಸಿದ್ದು ಕೇಳಿ ಬಾಗಿಲು ತೆಗೆದೆ. ಅದೇ ಎತ್ತರ, ಸಲಕರಣೆಗಳ ಅದೇ ಕಬ್ಬಿಣದ ಪೆಟ್ಟಿಗೆ. ಕೂದಲು ಮಾತ್ರ ಪೂರ್ತಿ ಬೆಳ್ಳಗಾಗಿತ್ತು. ಏಳು ವರ್ಷದಲ್ಲಿ ನಿನ್ನ ಬಾಯಿಂದ ಅವರ ಸುದ್ದಿ ಕೇಳುತ್ತಿದ್ದೆನೇ ಹೊರತು ಮುಖ ಕಂಡಿರಲಿಲ್ಲ.

"ಇಲ್ಲಿ ಇಳ್ಕೋಬಹುದು ಅಂತ ಕಂಪನಿಯವ್ರು ಹೇಳಿದ್ರು. ನಿಮಗೆ ತೊಂದ್ರೆ ಅಂದ್ರೆ ಬೇರೆ ಕಡೆ ನೋಡ್ಕೋತೀನಿ" ಎಂದರು. ನನ್ನನ್ನು, ಕಟ್ಟಿಕೊಂಡ ಹೆಂಡತಿಯನ್ನು, ನೀವು ಎಂದರು.

ನನಗೆ ಏನು ಅನ್ನಿಸಿತು ಎಂದು ಕೇಳಬೇಡ. ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ರಿಜಿಸ್ಟರ್ ತಂದೆ. ಗುರುತಿನ ಚೀಟಿ ಕೊಡಿ ಎಂದೆ. ಕೊಟ್ಟರು. ಅದರಲ್ಲಿ ವಿಳಾಸ ಇನ್ನೂ ಇದೇ ಮನೆಯದ್ದು. ನೋಡಿಯೂ ನೋಡದವಳಂತೆ ಹೆಸರು ಬರೆದುಕೊಂಡೆ. ಆಮೇಲೆ ಎಲ್ಲ ಅತಿಥಿಗಳಿಗೆ ಓದಿ ಹೇಳುವಂತೆ ಹದಿಮೂರು ನಿಯಮಗಳನ್ನೂ ಓದಿ ಹೇಳಿದೆ. ಪೆಟ್ಟಿಗೆ ಕೆಳಗಿಡದೆ, ತರಗತಿಗೆ ತಡವಾಗಿ ಬಂದವರ ಹಾಗೆ ನಿಂತು ಕೇಳಿಸಿಕೊಂಡರು. ಸದ್ದಿನ ನಿಯಮ ಬಂದಾಗ ಮಾತ್ರ ಬಾಯಿ ತೆರೆದರು.

"ಗೊರಕೆ?"

"ಗೊರಕೆ ವಿಷಯ ಇದರಲ್ಲಿ ಬರೆದಿಲ್ಲ" ಎಂದೆ. ಕೀಲಿಕೈ ಕೊಟ್ಟು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ನೀನು ಇಲ್ಲಿ ನನ್ನನ್ನು ಬೈಯುತ್ತೀಯ. ಗಂಡ ಬಾಗಿಲಿಗೆ ಬಂದರೆ ರಿಜಿಸ್ಟರ್ ಹಿಡಿದು ನಿಂತೆಯಾ ಎನ್ನುತ್ತೀಯ. ಅದಕ್ಕೆ ನಿನಗೆ ಇಷ್ಟು ದಿನ ಹೇಳದಿದ್ದ ಒಂದು ಮಾತು ಹೇಳಬೇಕು. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಅಪ್ಪ ದೂರದ ಕೆಲಸಕ್ಕೆಂದು ಹೋದವರು ಹಾಗೇ ಅಲ್ಲೇ ಉಳಿದುಬಿಟ್ಟರು ಎಂದು ನೀನು ತಿಳಿದಿದ್ದೀಯ. ನಾನೂ ಹಾಗೇ ತಿಳಿಯಲು ಬಿಟ್ಟೆ. ನಮ್ಮ ಮನೆ ಆಗ ಹೇಗಿತ್ತೆಂದು ನಿನಗೇ ಗೊತ್ತು. ಬಸ್ಸು ತಪ್ಪಿದವನು, ಕೊಠಡಿ ಸಿಗದವನು, ಕಂಪನಿಗೆ ಹೊಸದಾಗಿ ಸೇರಿದವನು, ಎಲ್ಲರನ್ನೂ ಅವರು ಹೇಳದೆ ಕೇಳದೆ ಕರೆದುಕೊಂಡು ಬರುತ್ತಿದ್ದರು. ನಾನು ಹನ್ನೆರಡು ತಾಸಿನ ಪಾಳಿ ಮುಗಿಸಿ ಬಂದರೆ ನನ್ನ ಮಂಚದ ಮೇಲೆ ಕಂಡು ಕೇಳರಿಯದವನೊಬ್ಬ ಮಲಗಿರುತ್ತಿದ್ದ. ಅವನಿಗೂ ಅಡುಗೆ ಮಾಡಬೇಕು. ಎಷ್ಟೋ ಸಲ ಸಹಿಸಿದೆ, ಎಷ್ಟೋ ಸಲ ಕೂಗಾಡಿದೆ. ಏಳು ವರ್ಷದ ಹಿಂದೆ ಅಂಥದೇ ಒಂದು ದಿನ ಕೂಗಾಡಲಿಲ್ಲ, ಅದೇ ತಪ್ಪಾದದ್ದು. ತಣ್ಣಗೆ ಹೇಳಿದೆ. "ಇದು ಮನೆಯಲ್ಲ, ಛತ್ರ. ನೀವೂ ಇಲ್ಲಿ ಒಬ್ಬ ಅತಿಥಿ ಅಷ್ಟೆ. ಅತಿಥಿಗಾದ್ರೂ ಹೊರಡೋ ದಿನ ಅಂತ ಒಂದಿರುತ್ತೆ, ನಿಮಗೆ ಅದೂ ಇಲ್ಲ" ಎಂದೆ.

ಅವರು ಮೂರನೆಯ ದಿನ ದೂರದೂರಿನ ಕೆಲಸ ಒಪ್ಪಿಕೊಂಡು ಪೆಟ್ಟಿಗೆ ಹಿಡಿದು ಹೊರಟರು. ಆ ಕೆಲಸ ಮುಗಿದ ಮೇಲೆ ಇನ್ನೊಂದೂರು, ಆಮೇಲೆ ಮತ್ತೊಂದು. ನಾನೂ ಬನ್ನಿ ಎನ್ನಲಿಲ್ಲ. ನಾನು ನಿವೃತ್ತಳಾದೆ, ನೀನು ಕೆಲಸಕ್ಕೆಂದು ಹೋದೆ. ಜನ ಬೇಡ ಎಂದು ಗಂಡನನ್ನು ಹೊರಡಿಸಿದವಳು, ಮನೆಯ ಸದ್ದಿಲ್ಲದ ಸದ್ದು ತಡೆಯಲಾರದೆ ಜನ ಬರಲಿ ಎಂದು ಬೋರ್ಡು ಹಾಕಿದೆ. ಕೈಗೊಂದು ಕೆಲಸವಿರಲಿ ಎಂದು ಕೊಠಡಿ ಕೊಡುತ್ತಿದ್ದೇನೆ ಎಂದು ನಿನಗೆ ಹೇಳಿದ್ದೆನಲ್ಲ, ಅದು ಅರ್ಧ ನಿಜ. ಉಳಿದರ್ಧ ಇದು.

ಸರಿ, ಮುಂದೆ ಕೇಳು.

ಮೊದಲ ಎರಡು ವಾರ ಅವರಂಥ ಅತಿಥಿ ನನಗೆ ಸಿಕ್ಕಿಲ್ಲ. ಬೆಳಿಗ್ಗೆ ಪೆಟ್ಟಿಗೆ ಹಿಡಿದು ಹೋದರೆ ಸಾಯಂಕಾಲ ಬರುವುದು. ಹಸಿ ಕಸ ಬೇರೆ, ಒಣ ಕಸ ಬೇರೆ. ಚಪ್ಪಲಿ ಗೋಡೆಗೆ ಸೇರಿಸಿ ನೇರವಾಗಿ ಇಡುವುದು; ಮೂವತ್ತು ವರ್ಷ ಹೇಳಿದರೂ ಬರದ ಬುದ್ಧಿ ಒಂದು ಕಾಗದ ಅಂಟಿಸಿದ ಕೂಡಲೇ ಬಂತು. ಅತಿಥಿಗಳು ಮನೆಯ ಯಾವ ವಸ್ತುವನ್ನೂ ಬಿಚ್ಚಬಾರದು, ಬದಲಾಯಿಸಬಾರದು ಎಂದು ನಿಯಮವಿದೆ. ಮಹಡಿ ಮೆಟ್ಟಿಲು ಕಿರುಗುಟ್ಟುವುದು ಅವರಿಗೆ ತಡೆಯಲಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಸಕ್ಕರೆ ಡಬ್ಬಿಯ ಕೆಳಗೆ ಚೀಟಿ ಸಿಕ್ಕಿತು. "ಮಾನ್ಯರೇ, ಐದನೇ ಮೆಟ್ಟಿಲಿಗೆ ಎರಡು ಮೊಳೆ ಹೊಡೆಯಲು ಅನುಮತಿ ಕೋರುತ್ತೇನೆ." ನಾನು ಅದರ ಕೆಳಗೇ "ಅನುಮತಿಸಿದೆ, ಏಳು ಗಂಟೆಯ ನಂತರ" ಎಂದು ಬರೆದು ಸಹಿ ಹಾಕಿ ಅಲ್ಲೇ ಇಟ್ಟೆ. ಆ ಚೀಟಿ ಎಸೆದಿಲ್ಲ. ನಗಬೇಡ.

ಅಡುಗೆಮನೆಯೊಳಗೆ ಅತಿಥಿಗಳಿಗೆ ಪ್ರವೇಶವಿಲ್ಲ. ಇದು ಪುರಸಭೆಯದ್ದಲ್ಲ, ನಾನು ಸೇರಿಸಿದ್ದು. ಹಾಗಾಗಿ ಅವರು ಹೊಸ್ತಿಲ ಆಚೆ ನಿಂತು ಚಹಾ ಕುಡಿಯುತ್ತಿದ್ದರು, ನಾನು ಈಚೆ ನಿಂತು. ಮಾತು ಹವೆಯದ್ದು, ತರಕಾರಿಯದ್ದು, ಹೆಚ್ಚಾಗಿ ನಿನ್ನದ್ದು. ನೀನು ಮೊದಲ ಸಲ ಬ್ರೆಡ್ಡು ಸುಟ್ಟು ಕರಿ ಮಾಡಿದ್ದು ಹೇಳಿಕೊಂಡು ನಗುತ್ತಿದ್ದೆವು. ಮಂಡಿ ನೋವು ಎಂದು ಕಾಲು ಬದಲಾಯಿಸುತ್ತಿದ್ದರು. ಒಂದು ದಿನ ಹೊಸ್ತಿಲ ಆಚೆ ಕುರ್ಚಿ ಇಟ್ಟೆ. ಎರಡು ದಿನ ಬಿಟ್ಟು ನೆಲ ಒರೆಸುವಾಗ ಕುರ್ಚಿ ಸರಿಸಿದವಳು ಅದನ್ನು ಈಚೆಗೇ ಇಟ್ಟೆ, ಆಚೆಗೆ ಹಾಕಲಿಲ್ಲ. ಅವರು ಬಂದು ಕುರ್ಚಿ ನೋಡಿದರು, ನನ್ನ ಮುಖ ನೋಡಿದರು, ಕೂತರು. ಆದರೂ ನೀವು, ಮೇಡಂ ಎನ್ನುವುದು ನಿಲ್ಲಲಿಲ್ಲ. ನಾನೂ ಒಳಗೊಳಗೇ ದಿನ ಎಣಿಸುತ್ತಿದ್ದೆ. ಹದಿನೆಂಟಾಯಿತು, ಹತ್ತೊಂಬತ್ತಾಯಿತು. ಇಪ್ಪತ್ತೆಂಟು ಆದ ಮೇಲೆ ಏನು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಗಟ್ಟಿ ಮನುಷ್ಯರು ನಾವಿಬ್ಬರೂ, ನಿನಗೆ ಮೊಂಡುತನ ಎಲ್ಲಿಂದ ಬಂತೆಂದು ಹುಡುಕಬೇಕಾಗಿಲ್ಲ.

ಇಪ್ಪತ್ತಮೂರನೆಯ ದಿನ, ಸೋಮವಾರ, ದೊಡ್ಡ ಕೊಠಡಿಗೆ ಒಂದು ಸಂಸಾರ ಬಂತು. ಗಂಡ, ಹೆಂಡತಿ, ಎಂಟು ವರ್ಷದ ಮಗಳು. ಬುಧವಾರ ಮಗುವಿನ ಬಲಗಣ್ಣಿಗೆ ಶಸ್ತ್ರಚಿಕಿತ್ಸೆ. ಮಗು ಒಂದು ಮಾತೂ ಆಡುತ್ತಿರಲಿಲ್ಲ, ತಾಯಿಯ ಸೆರಗು ಬಿಡುತ್ತಿರಲಿಲ್ಲ. ಆ ಮೂವರು, ಚಿಕ್ಕ ಕೊಠಡಿಯಲ್ಲಿ ಇವರೊಬ್ಬರು, ಒಟ್ಟು ನಾಲ್ಕು. ನಿಯಮಕ್ಕೆ ಸರಿಹೋಯಿತು.

ಸಾಯಂಕಾಲ ಗೇಟಿನ ಹತ್ತಿರ ಒಬ್ಬ ಮುದುಕರು ಕಿತ್ತಳೆಹಣ್ಣಿನ ಚೀಲ ಹಿಡಿದು ನಿಂತಿದ್ದರು. ಮಗುವಿನ ಅಜ್ಜ. ಮನೆಯಲ್ಲಿ ಕೂತಿರಲು ಮನಸ್ಸು ತಡೆಯದೆ ಯಾರಿಗೂ ಹೇಳದೆ ಬಸ್ಸು ಹತ್ತಿ ಬಂದುಬಿಟ್ಟಿದ್ದರು. ಆ ಮಗು ಮೆಟ್ಟಿಲಿನಿಂದ "ಅಜ್ಜಾ!" ಎಂದು ಕೂಗಿಕೊಂಡು ಓಡಿತು ನೋಡು, ಬೆಳಗಿನಿಂದ ಅದರ ದನಿ ನಾವು ಕೇಳಿದ್ದು ಅದೇ ಮೊದಲು. ಮಗುವಿನ ಅಪ್ಪ ನನ್ನ ಹತ್ತಿರ ಬಂದು, ನಿಯಮ ಗೊತ್ತು, ಬೇರೆ ಕಡೆ ಕೊಠಡಿ ವಿಚಾರಿಸುತ್ತೇನೆ ಎಂದರು. ವಿಚಾರಿಸಿದರು. ಎಲ್ಲಿಯೂ ಇಲ್ಲ. ಅಜ್ಜ ಬಸ್ ನಿಲ್ದಾಣದಲ್ಲೇ ಕೂತಿರುತ್ತೇನೆ, ಬೆಳಿಗ್ಗೆ ಬರುತ್ತೇನೆ ಎಂದು ಚೀಲ ಎತ್ತಿಕೊಂಡರು. ಮಗು ಅವರ ಕೋಟಿನ ಜೇಬಿನೊಳಗೆ ಕೈ ತುರುಕಿ ಹಿಡಿದುಕೊಂಡಿತ್ತು.

"ಎಲ್ಲಿಗೂ ಹೋಗ್ಬೇಡಿ, ಇಲ್ಲೇ ಇರಿ" ಎಂದೆ. ನಾನೇ ಎಂದೆ.

ಆಮೇಲೆ ನಿನ್ನ ಅಪ್ಪ ಅಡುಗೆಮನೆಗೆ ಬಂದು ಪಿಸುಗುಟ್ಟಿದರು. "ಐದಾಯ್ತಲ್ಲ."

"ನನಗೂ ಎಣಿಸೋಕೆ ಬರುತ್ತೆ."

"ಪರವಾನಗಿ ಹೋದ್ರೆ? ನಾನು ಬೇಕಾದ್ರೆ ಆಸ್ಪತ್ರೆ ಸಾಮಾನಿನ ಕೋಣೇಲಿ ಮಲಗ್ತೀನಿ."

"ಬೇಡ" ಎಂದೆ. ಅವರು ಇನ್ನೇನೋ ಹೇಳಲು ಬಾಯಿ ತೆರೆದರು. "ಹಿಂದೆ ಹತ್ತು ಜನ ಕರ್ಕೊಂಡು ಬಂದಾಗ ಎಣಿಸ್ದೇ ಇದ್ದೋರು ಈಗ ಐದಕ್ಕೆ ಹೆದರ್ಬೇಡಿ" ಎಂದೆ. ಅವರು ನಗುವುದೋ ಬೇಡವೋ ಎಂದು ನನ್ನ ಮುಖ ನೋಡಿದರು. ನಾನು ನಕ್ಕ ಮೇಲೆ ನಕ್ಕರು. ಅಜ್ಜನ ಹೆಸರನ್ನು ರಿಜಿಸ್ಟರಿನಲ್ಲಿ ಐದನೆಯ ಸಾಲಿನಲ್ಲಿ ಬರೆದೆ. ಮುಚ್ಚಿಡುವುದು ನನ್ನ ಕೈಲಾಗದು.

ಮರುದಿನ ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ. ಕಸದ ಗಾಡಿ ಹೋಗಿ ಐದು ನಿಮಿಷವಾಗಿರಬೇಕು. ಪುರಸಭೆಯ ತಪಾಸಣೆಯ ಅಧಿಕಾರಿ ಗೇಟು ತೆಗೆದು ಬಂದರು. ನಿನ್ನ ವಯಸ್ಸಿನ ಹೆಣ್ಣುಮಗಳು, ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫೈಲು. ನಗುಮುಖವೇ, ಆದರೆ ಕಣ್ಣು ಸೂಜಿ. ಬಾಗಿಲ ಮೇಲಿನ ನಿಯಮಪಟ್ಟಿ ನೋಡಿದರು, ಬೆಂಕಿ ಆರಿಸುವ ಸಿಲಿಂಡರ್ ನೋಡಿದರು. ಎಲ್ಲ ಬಲು ಅಚ್ಚುಕಟ್ಟು ಎಂದು ಹೊಗಳಿದರು. ಆಮೇಲೆ ಊಟದ ಮೇಜಿನ ಸುತ್ತ ಕೂತವರನ್ನು ಪೆನ್ನಿನ ತುದಿಯಿಂದ ಎಣಿಸಿದರು.

"ಐದು ಜನ ಇದ್ದಾರಲ್ಲಮ್ಮಾ?"

ಅಷ್ಟರಲ್ಲಿ ಹಿಂದಿನಿಂದ ಒಂದು ದನಿ. "ಆ ಅಜ್ಜ ನಮ್ಮನೇವ್ರು! ಅಂದ್ರೆ ನಮ್ಮನೆಗೆ ಬಂದೋರು. ಇಲ್ಲಿ ತಿಂಡಿಗೆ ಬಂದಿದ್ದಾರೆ, ಅಷ್ಟೇ." ಸೀಟಿ ಮೇಷ್ಟ್ರು! ಅಧಿಕಾರಿ ಗೇಟಿನೊಳಗೆ ಬಂದದ್ದನ್ನು ಕಿಟಕಿಯಿಂದ ಕಂಡು, ಹವಾಯಿ ಚಪ್ಪಲಿ ಒಂದು ಕಾಲಿಗೆ ಒಂದು ಬಣ್ಣದ್ದು ಹಾಕಿಕೊಂಡು ಓಡಿಬಂದಿದ್ದರು. ಜೀವನದಲ್ಲಿ ಒಬ್ಬ ಹುಡುಗನಿಗೂ ಅರ್ಧ ನಿಮಿಷ ತಡವಾದದ್ದನ್ನು ಮನ್ನಿಸದವರು ನನಗಾಗಿ ಹಸಿ ಸುಳ್ಳು ಹೇಳುತ್ತಾ ನಿಂತಿದ್ದರು.

ಅದೇ ಹೊತ್ತಿಗೆ ನಿನ್ನ ಅಪ್ಪ ಮೇಜಿನಿಂದ ಎದ್ದರು. ಮೂಲೆಯಲ್ಲಿದ್ದ ಪೆಟ್ಟಿಗೆ ಎತ್ತಿಕೊಂಡು, "ಸರಿ ಮೇಡಂ, ರಿಪೇರಿ ಮುಗೀತು. ನಾನು ಬರ್ತೀನಿ. ನಾನು ಲಿಫ್ಟ್ ಮೆಕ್ಯಾನಿಕ್ಕು" ಎಂದರು.

ಆ ಹೆಣ್ಣುಮಗಳು ಮೇಲೆ ನೋಡಿದರು, ಕೆಳಗೆ ನೋಡಿದರು. "ಒಂದು ಮಹಡಿ ಮನೆಗೆ ಲಿಫ್ಟಾ?" ಎಂದರು. "ಐದಿದ್ದೋರು ಕ್ಷಣದಲ್ಲಿ ಮೂರಾಗ್ಬಿಟ್ರಲ್ಲ. ಇನ್ನೂ ಯಾರಾದ್ರೂ ಹೊರಡೋರು ಇದ್ದೀರಾ?"

ಮಗುವಿನ ಅಪ್ಪ ತಟ್ಟೆ ನೋಡುತ್ತಾ ಕೂತಿದ್ದರು. ನಾನು ಸುಮ್ಮನಿದ್ದಿದ್ದರೂ ಆಗುತ್ತಿತ್ತೋ ಏನೋ. ಆಕೆ ನಕ್ಕು ಹೋಗಿಬಿಡುತ್ತಿದ್ದರೋ ಏನೋ. ಆದರೆ ನಿನ್ನ ಅಪ್ಪ ಬಾಗಿಲು ದಾಟಿ ಒಂದು ಕಾಲು ಹೊರಗಿಟ್ಟಿದ್ದರು. ಬೆನ್ನು ನನ್ನ ಕಡೆ, ಕೈಯಲ್ಲಿ ಪೆಟ್ಟಿಗೆ. ಏಳು ವರ್ಷದ ಹಿಂದೆ ನಾನು ಕಿಟಕಿಯಿಂದ ನೋಡಿದ್ದ ಬೆನ್ನು ಅದೇ. ಅಂದು ನಾನು ಕೂಗಲಿಲ್ಲ.

"ನಿಂತ್ಕೊಳ್ಳಿ" ಎಂದೆ. ಜೋರಾಗಿಯೇ ಎಂದೆನಂತೆ, ಮಗು ಬೆಚ್ಚಿತು. ಆ ಅಧಿಕಾರಿಗೆ ಹೇಳಿದೆ, "ಇವರು ಮೆಕ್ಯಾನಿಕ್ಕೇ, ಆದ್ರೆ ರಿಪೇರಿಗೆ ಬಂದೋರಲ್ಲ. ಇವರು ನಮ್ಮನೆಯವರು. ಅಜ್ಜ ಮೇಷ್ಟ್ರ ಮನೆಗೆ ಬಂದೋರಲ್ಲ, ನನ್ನ ಅತಿಥಿ. ಮೂರು ಮತ್ತೆ ಒಂದು, ನಾಲ್ಕು."

ನಮ್ಮನೆಯವರು. ನೆರೆಹೊರೆಯ ಹೆಂಗಸರು ದಿನಕ್ಕೆ ಹತ್ತು ಸಲ ಆಡುವ ಮಾತು ಏಳು ವರ್ಷದಿಂದ ನನ್ನ ಬಾಯಲ್ಲಿ ಬಂದಿರಲಿಲ್ಲ. ಬಾಗಿಲಲ್ಲಿದ್ದ ಬೆನ್ನು ತಿರುಗಿತು. ಪೆಟ್ಟಿಗೆ ನಿಧಾನವಾಗಿ ಕೆಳಗಿಳಿಯಿತು.

ಇಷ್ಟಕ್ಕೇ ಸುಖವಾಗಿ ಮುಗಿಯಿತು ಎಂದುಕೊಂಡೆಯಾ? ಆಕೆ ರಿಜಿಸ್ಟರ್ ತೆರೆದರು. ಅದರಲ್ಲಿ ನಿನ್ನ ಅಪ್ಪ ಅತಿಥಿ, ಇಪ್ಪತ್ತನಾಲ್ಕನೇ ದಿನ, ಕೆಳಗೆ ನನ್ನದೇ ಸಹಿ. ಅತಿಥಿಯಾದರೆ ಐದು ಜನ, ತಪ್ಪು. ಮನೆಯವರಾದರೆ ರಿಜಿಸ್ಟರ್ ಸುಳ್ಳು, ಅದೂ ತಪ್ಪು. ಗುರುವಾರ ಕಚೇರಿಗೆ ಬಂದು ಬರವಣಿಗೆಯಲ್ಲಿ ವಿವರಣೆ ಕೊಡಿ, ದೊಡ್ಡ ಅಧಿಕಾರಿ ತೀರ್ಮಾನಿಸುತ್ತಾರೆ ಎಂದು ನೋಟಿಸು ಕೊಟ್ಟು, ಮಗುವಿನ ತಲೆ ಸವರಿ ಹೋದರು. ಮೇಷ್ಟ್ರು ನನ್ನ ಮೇಲೆ ಸಿಡಿದರು. "ನಾನು ಅಷ್ಟು ಕಷ್ಟಪಟ್ಟು ಸುಳ್ಳು ಹೇಳಿದ್ನಲ್ಲಮ್ಮಾ, ಹಾಳು ಮಾಡ್ಬಿಟ್ರಲ್ಲ!" ಎಂದರು. ತಿಂಡಿ ತಿಂದು ಹೋಗಿ ಎಂದೆ. ಎರಡು ಸಲ ಹಾಕಿಸಿಕೊಂಡರು.

ಬುಧವಾರ ಮಗುವನ್ನು ಆಸ್ಪತ್ರೆಗೆ ಕರೆದೊಯ್ದರು, ನಿನ್ನ ಅಪ್ಪನೂ ಜೊತೆಗೆ ಹೋದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಶುಕ್ರವಾರ ಪಟ್ಟಿ ಬಿಚ್ಚಿದಾಗ ಆ ಮಗು ಮೊದಲು ಹೇಳಿದ್ದು, ಅಜ್ಜನ ಮೂಗಿನಲ್ಲಿ ಕೂದಲಿದೆ ಎಂದಂತೆ.

ಗುರುವಾರ ನಾವಿಬ್ಬರೂ ಪುರಸಭೆಗೆ ಹೋದೆವು. ಮೂರನೇ ಮಹಡಿ, ಲಿಫ್ಟು ಕೆಟ್ಟು ನಿಂತಿತ್ತು. ನಿನ್ನ ಅಪ್ಪನ ಕೈ ತುರಿಸುತ್ತಿದ್ದುದು ನನಗೆ ಕಾಣುತ್ತಿತ್ತು. ಇಲ್ಲಿ ಅನುಮತಿ ಕೇಳಬೇಡಿ ಎಂದು ತೋಳು ಹಿಡಿದು ಮೆಟ್ಟಿಲು ಹತ್ತಿಸಿದೆ. ಗುಮಾಸ್ತರು ಒಂದು ನಮೂನೆ ಕೊಟ್ಟರು. ಸದರಿ ವ್ಯಕ್ತಿ ಅತಿಥಿಯೋ, ಬಾಡಿಗೆದಾರರೋ, ಮನೆಯವರೋ, ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಅದರ ಕೆಳಗೆ, ಮನೆಯವರನ್ನು ಅತಿಥಿ ಎಂದು ನಮೂದಿಸಿದ್ದರೆ ಕಾರಣ ಬರೆಯಬೇಕು.

ಬೆಂಚಿನ ಮೇಲೆ ಕೂತೆವು. ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಮಂಗಳವಾರ ಆಡಿದ್ದು ಬಾಯಿಯ ಮಾತು. ಇದು ಸಹಿ ಹಾಕುವ ಮಾತು. ಅವರನ್ನು ಕೇಳದೆ ಹಾಕಲಾದೀತೇ? ಒಂದು ಸಲ ಕೇಳದೆ ಮಾತಾಡಿ ಏಳು ವರ್ಷ ಕಳೆದುಕೊಂಡವಳು ನಾನು.

"ಏನು ಬರೀಲಿ?" ಎಂದೆ.

"ನಿಮ್ಮ ಮನೆ. ನಿಮ್ಮ ರಿಜಿಸ್ಟರು. ನೀವು ಏನು ಬರೆದ್ರೂ ಸರಿ."

"ನೀವು ನೀವು ಅನ್ನೋದು ಬಿಟ್ರೆ ಬರೀತೀನಿ."

ಅವರು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ಕೂತರು. ಗುಮಾಸ್ತರು ಟೋಕನ್ ಸಂಖ್ಯೆ ಎರಡು ಸಲ ಕೂಗಿದರು. ಆಮೇಲೆ ನಿನ್ನ ಅಪ್ಪ, "ಬರಿ" ಎಂದರು.

ಎರಡೇ ಅಕ್ಷರ ಕಣೇ. ಬರೆದೆ.

ಕಾರಣದ ಜಾಗದಲ್ಲಿ ಹೀಗೆ ಬರೆದೆ: "ಬಂದ ದಿನ ಅತಿಥಿಯಾಗಿದ್ದರು. ಮನೆಯವರಾದದ್ದು ಯಾವ ದಿನ ಎಂದು ಖಚಿತವಾಗಿ ಹೇಳಲಾರೆ." ದಪ್ಪ ಕನ್ನಡಕದ ಆ ದೊಡ್ಡ ಅಧಿಕಾರಿ ಅದನ್ನು ಎರಡು ಸಲ ಓದಿದರು. ನಮ್ಮಿಬ್ಬರನ್ನೂ ಕನ್ನಡಕದ ಮೇಲಿಂದ ನೋಡಿದರು. ಇಂಥ ವಿವರಣೆಗೆ ನಿಯಮದಲ್ಲಿ ಜಾಗವಿಲ್ಲ, ಆದರೆ ಇದು ಸುಳ್ಳೆಂದು ಹೇಳಲೂ ನನ್ನ ಹತ್ತಿರ ಆಧಾರವಿಲ್ಲ ಎಂದರು. ಎಚ್ಚರಿಕೆಯ ಪತ್ರ ಒಂದು ಕೊಟ್ಟರು, ಪರವಾನಗಿ ಉಳಿಯಿತು. ಇನ್ನು ಮೇಲೆ ಮನೆಯಲ್ಲಿ ಇಬ್ಬರಿರುವುದರಿಂದ ಪರವಾನಗಿಯ ಮೇಲೆ ಇಬ್ಬರ ಸಹಿಯೂ ಬೇಕೆಂದರು. ನಿನ್ನ ಅಪ್ಪ ಹಾಕಿದರು, ಅದೇ ಬಾಲ ಸುತ್ತಿದ ಸಹಿ.

ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಏಳು ವರ್ಷ ಅವರಿಲ್ಲದೆ ಇದ್ದವಳಿಗೆ ಸ್ನಾನದ ಮನೆಯಲ್ಲಿ ಇನ್ನೊಂದು ಟವಲು ಕಂಡರೆ ಇನ್ನೂ ಬೆರಗು. ನಿನ್ನೆ ಟಿವಿಯ ಸದ್ದಿಗೆ ಸಣ್ಣದೊಂದು ಜಗಳವೂ ಆಯಿತು. ಜಗಳವಾಡಿ ಆದ ಮೇಲೆ ಯಾರೂ ಪೆಟ್ಟಿಗೆ ಮುಟ್ಟಲಿಲ್ಲ. ಅವರು ಮುನಿಸಿಕೊಂಡು ಹೋಗಿ ತರಕಾರಿ ಹೆಚ್ಚಿದರು, ಅಷ್ಟೇ. ಮುಂದೆ ದೂರದೂರುಗಳ ಕೆಲಸ ಬೇಡವೆಂದು ಕಂಪನಿಗೆ ಬರೆದಿದ್ದಾರೆ. ಈ ಊರಿನ ಲಿಫ್ಟುಗಳನ್ನು ನೋಡಿಕೊಂಡಿದ್ದರೆ ಸಾಕಂತೆ.

ಇಂದು ಇಪ್ಪತ್ತೊಂಬತ್ತನೆಯ ದಿನ. ಬೆಳಿಗ್ಗೆ ಎದ್ದು ನೋಡಿದರೆ ಚಿಕ್ಕ ಕೊಠಡಿಯ ಹಾಸಿಗೆ ಮಡಿಸಿಟ್ಟು, ಕೀಲಿಕೈ ಮೇಜಿನ ಮೇಲಿಟ್ಟಿದ್ದರು. ಒಂದು ಗಳಿಗೆ, ಹೊರಟೇಬಿಟ್ಟರೇನೋ ಎಂದುಕೊಂಡೆ. ಆಮೇಲೆ ನೋಡುತ್ತೇನೆ, ಅಡುಗೆಮನೆಯಲ್ಲಿ ಹಾಲು ಉಕ್ಕಿಸಿ ಒಲೆಯೆಲ್ಲ ಗಲೀಜು ಮಾಡಿಕೊಂಡು, ಒದ್ದೆ ಬಟ್ಟೆ ಹಿಡಿದು ಕಳ್ಳನಂತೆ ನಿಂತಿದ್ದರು. ಬೈದೆ. ಮನಸಾರೆ ಬೈದೆ. ಅವರು ನಗುತ್ತಲೇ ಇದ್ದರು.

ರಜೆ ಸಿಕ್ಕಾಗ ಬಾ. ಕಾಲಿನ ಊತ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸು, ಮುಂದೂಡಬೇಡ.

ಇತಿ, ಮನಸ್ಸು ಹಗುರವಾಗಿರುವ,
ನಿನ್ನ ಅಮ್ಮ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕಲು ನಿನ್ನ ಅಪ್ಪನ ಕೈಗೇ ಕೊಡುತ್ತಿದ್ದೇನೆ. ಲಕೋಟೆಗೆ ಅಂಟು ಹಚ್ಚಿಲ್ಲ. ಮರೆತದ್ದಲ್ಲ. ತೆರೆದ ಲಕೋಟೆ ಕಂಡರೆ ಓದದೆ ಬಿಡುವವರಲ್ಲ ಅವರು. ಆ ದಿನ ನಾನು ಆಡಿದ ಮಾತಿನ ಬಗ್ಗೆ ಮುಖ ನೋಡಿ ಹೇಳಲು ಈ ಇಪ್ಪತ್ತೊಂಬತ್ತು ದಿನದಲ್ಲಿ ಒಮ್ಮೆಯೂ ನನ್ನ ನಾಲಿಗೆ ಏಳಲಿಲ್ಲ. ಓದಿಕೊಳ್ಳಲಿ.

ಮಗಳೇ, ಇದು ಅಪ್ಪ. ಅಂಚೆ ಪೆಟ್ಟಿಗೆ ಪಕ್ಕದ ಕಟ್ಟೆ ಮೇಲೆ ಕೂತು ಪೆನ್ಸಿಲಿನಲ್ಲಿ ಬರೀತಿದ್ದೀನಿ. ಓದಿದೆ. ಎರಡು ಸಲ ಓದಿದೆ. ನಿಮ್ಮಮ್ಮ ಅವತ್ತು ಅಂದ ಮಾತಿನಲ್ಲಿ ಅರ್ಧ ನಿಜಾನೇ ಇತ್ತು, ಅದಕ್ಕೇ ನನಗೆ ಅಷ್ಟು ನೋವಾಗಿದ್ದು. ಮನೆಗೆ ಹೋಗಿ ಅವಳಿಗೆ ಇದನ್ನ ಹೇಳ್ತೀನಿ. ಇನ್ನೊಂದು ವಿಷಯ ಮಾತ್ರ ಹೇಳಲ್ಲ, ನೀನೂ ಹೇಳಬೇಡ. ಕಣ್ಣಾಸ್ಪತ್ರೆ ಲಿಫ್ಟು ಹನ್ನೊಂದನೇ ದಿನಕ್ಕೇ ಮುಗಿದುಹೋಗಿತ್ತು. ಆಮೇಲೆ ದಿನಾ ಬೆಳಿಗ್ಗೆ ಪೆಟ್ಟಿಗೆ ಹಿಡ್ಕೊಂಡು ಹೋಗಿ ಕೆರೆ ದಂಡೆ ಮೇಲೆ ಕೂತಿದ್ದು ಸಾಯಂಕಾಲ ಮನೆಗೆ ಬರ್ತಿದ್ದೆ. ಲಕೋಟೆ ನಾನೇ ಅಂಟಿಸ್ತಿದ್ದೀನಿ.